ಸೀಸೆಯಕ್ಕನ ನೀರು

ನನಗೆ ನೀರಿನ ಮೇಲೂ ನಂಬಿಕೆಯಿಲ್ಲ. ಇದನ್ನು ಬಿರುದಿನ ಹಾಗೆ ಹೇಳಿಕೊಂಡು ಹದಿನೆಂಟು ವರ್ಷ ತಿರುಗಿದವನು ನಾನು. ಕಾಲೇಜಿನ ಮೂರನೇ ಮಹಡಿಯಲ್ಲಿ ಆಣ್ವಿಕ ಜೀವಶಾಸ್ತ್ರದ ಪ್ರಯೋಗಾಲಯವಿದೆ, ನಾನು ಅದರ ಮೇಲ್ವಿಚಾರಕ. ಪಾಠ ಹೇಳುವುದು ವಿಭಾಗದ ಮೇಡಂ, ಕೈ ಪಳಗಿಸುವುದು ನಾನು. ಹುಡುಗರು ಹುಡುಗಿಯರು ನನ್ನ ಬೆನ್ನ ಹಿಂದೆ 'ಪತ್ತೇದಾರ' ಅನ್ನುತ್ತಾರೆ. ಅನ್ನಲಿ. ನನ್ನ ಕೈಕೆಳಗೆ ಕಲಿತವರು ಎಲ್ಲಿ ಹೋದರೂ ಒಂದು ಹನಿ ಆಚೀಚೆ ಮಾಡುವುದಿಲ್ಲ.

ಮನೆಯಲ್ಲೂ ಅಷ್ಟೆ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡದೆ ಕುಡಿದವನಲ್ಲ, ಬೀಗವನ್ನು ಮೂರು ಸಲ ಎಳೆದು ನೋಡದೆ ಮೆಟ್ಟಿಲು ಇಳಿದವನಲ್ಲ. ಹೆಂಡತಿಗೆ ರೇಗಿಹೋಗಿತ್ತು. ಒಂದು ದಿನ ಅಂದೇಬಿಟ್ಟಳು, "ರೀ, ಕನ್ನಡೀಲಿ ಕಾಣೋ ಮುಖ ಒಂದನ್ನ ಬಿಟ್ಟು ಮಿಕ್ಕ ಎಲ್ಲರ ಮೇಲೂ ನಿಮಗೆ ಅನುಮಾನ."

"ಆ ಮುಖ ನಂಗೆ ಐವತ್ತು ವರ್ಷದಿಂದ ಗೊತ್ತಲ್ಲ" ಅಂದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಒಂದೇ ಮಾತು ಹೇಳುವುದು. "ಡಿಎನ್‌ಎ ಕಣ್ಣಿಗೆ ಕಾಣಲ್ಲ. ಕಾಣದ್ದರ ಜೊತೆ ಕೆಲಸ ಮಾಡೋರು ಎಲ್ಲದರ ಮೇಲೂ ಅನುಮಾನ ಪಡಬೇಕು. ಹನಿ ಅಳೆಯೋ ಪಿಪೆಟ್ ಮೇಲೆ ಪಡಿ, ಅದರ ತುದಿ ಮೇಲೆ ಪಡಿ, ನೀರಿನ ಮೇಲೆ ಪಡಿ, ಪಕ್ಕದಲ್ಲಿ ನಿಂತಿರೋನ ಮೇಲೆ ಪಡಿ. ಕೊನೆಗೆ ನಿಮ್ಮ ಮೇಲೂ ಪಡಿ." ಎಲ್ಲರೂ ಬರೆದುಕೊಳ್ಳುತ್ತಾರೆ. ಆ ವರ್ಷ ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೂವತ್ತೆಂಟರ ಹೆಂಗಸೊಬ್ಬಳು ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಳು. ನಮ್ಮ ಸೀಸೆಯಕ್ಕ.

ಸೀಸೆಯಕ್ಕ ಎಂದರೆ ನಮ್ಮ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವವಳು. ಓಣಿಯ ಕೊನೆಯಲ್ಲಿ ಎರಡು ಸ್ಟೀಲಿನ ತೊಟ್ಟಿ, ಒಂದು ಕಿಟಕಿ, ಮೂಲೆಯಲ್ಲಿ ಉಗಿಯ ಒತ್ತಡದಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್. ಹನ್ನೊಂದು ವರ್ಷ ಅವಳ ಲೋಕ ಅಷ್ಟೇ. ಸೋಪಿನ ನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬಿಳಚಿಕೊಂಡಿದ್ದವು. ತೊಳೆದ ಪ್ರತಿಯೊಂದು ಸೀಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಒಳಮೈಯಲ್ಲಿ ನೀರು ಒಂದೇ ತೆಳು ಪದರವಾಗಿ ಇಳಿದರೆ ಸರಿ, ಎಲ್ಲಾದರೂ ಹನಿ ಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ ಎಂದು ಮತ್ತೆ ತೊಟ್ಟಿಗೆ ಹಾಕುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿಕೊಟ್ಟಿರಲಿಲ್ಲ.

ಒಂದು ಚಟ ಮಾತ್ರ ಇತ್ತು, ಪ್ರಶ್ನೆ ಕೇಳುವುದು. "ಸರ್, ಇದರೊಳಗೆ ಏನಿತ್ತು?"

"ತೊಳೀಬೇಕಾದ್ದು ಇತ್ತು" ಅನ್ನುತ್ತಿದ್ದೆ ನಾನು. ನಗುತ್ತಿದ್ದಳು. ಮರುದಿನ ಇನ್ನೊಂದು ಸೀಸೆ ಹಿಡಿದು ಅದೇ ಪ್ರಶ್ನೆ.

ಹನ್ನೆರಡನೇ ತರಗತಿಯವರೆಗೆ ವಿಜ್ಞಾನ ಓದಿದ್ದಳಂತೆ. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು. ತಾಯಿ ಹೋದ ಮೇಲೆ ಮದುವೆ, ಆಮೇಲೆ ಮಾವ ಹಾಸಿಗೆ ಹಿಡಿದರು. "ನಮ್ಮನೇಲಿ ಹಾಸಿಗೆ ಖಾಲಿ ಇದ್ದದ್ದೇ ಇಲ್ಲ ಸರ್" ಅನ್ನುತ್ತಿದ್ದಳು. ಮಾವನೂ ಹೋದ ವರ್ಷ ಅವಳು ಮೇಡಂ ಕೋಣೆಗೆ ಅರ್ಜಿ ಹಿಡಿದು ಹೋದಳು. ನಮ್ಮಲ್ಲಿ ಪ್ರಯೋಗಾಲಯ ತಂತ್ರಗಳ ಒಂದು ವರ್ಷದ ಕೋರ್ಸ್ ಇದೆ. ಅದಕ್ಕೆ ಸೇರಬೇಕು, ಕೆಲಸದಿಂದ ಒಂದು ವರ್ಷ ರಜೆ ಬೇಕು. ಮೇಡಂ ಮೇಲಿನವರಿಗೆ ಬರೆದು, ಹೋರಾಡಿ, ಕೊಡಿಸಿದರು. ಆದರೆ ಆದೇಶದಲ್ಲಿ ಸ್ಪಷ್ಟವಾಗಿತ್ತು: ಒಂದು ವರ್ಷ, ಒಂದೇ ಸಲ. ಪಾಸಾದರೆ, ಮುಂದಿನ ವರ್ಷ ಖಾಲಿಯಾಗುವ ಸಹಾಯಕ ತಂತ್ರಜ್ಞರ ಹುದ್ದೆಗೆ ಅರ್ಹಳು. ಫೇಲಾದರೆ ನಿವೃತ್ತಿಯವರೆಗೆ ಅದೇ ತೊಟ್ಟಿ, ಅದೇ ಬ್ರಷ್ಷು.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು, ತಮಾಷೆಯ ಮನುಷ್ಯ. "ನೀನು ಮೇಲೆ ಹೋಗು, ನಾನು ಕೆಳಗಿಂದ ಗುಂಡಿ ಒತ್ತುತೀನಿ" ಅಂದನಂತೆ. "ಮೇಲೆ ಹೋಗು ಅಂತ ಕಟ್ಟಿಕೊಂಡ ಹೆಂಡ್ತಿಗೆ ಯಾರಾದ್ರೂ ಹೇಳ್ತಾರಾ!" ಎಂದು ಇವಳು ಬೈದಳಂತೆ. ಒಂಬತ್ತನೇ ತರಗತಿಯ ಮಗಳು ಅಮ್ಮನ ಪುಸ್ತಕಕ್ಕೂ ತನ್ನ ಪುಸ್ತಕಕ್ಕೂ ಒಂದೇ ಬಣ್ಣದ ರಟ್ಟು ಹಾಕಿದಳಂತೆ. ನಾದಿನಿ ಮಾತ್ರ, "ಈ ವಯಸ್ಸಲ್ಲಿ ಬ್ಯಾಗು ಬೇರೆ ಕೇಡು" ಅಂದಳಂತೆ. ನನಗೆ ಆ ನಾದಿನಿಯ ಮಾತೇ ಸರಿ ಅನ್ನಿಸಿತ್ತು. ನಿಜ ಹೇಳುವುದಕ್ಕೆ ಏನು ನಾಚಿಕೆ? ಉಗ್ರಾಣದ, ಪ್ರಯೋಗಾಲಯದ ಬೀಗದ ಕೈ ಹನ್ನೊಂದು ವರ್ಷ ಅವಳ ಸೊಂಟದಲ್ಲಿತ್ತು. ಪರೀಕ್ಷೆಗೆ ಯಾವ ಮಾದರಿ ಬರುತ್ತದೆ, ಯಾವ ಡಬ್ಬಿಯಲ್ಲಿ ಏನಿದೆ, ಎಲ್ಲ ಗೊತ್ತಿರುವವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು, ಬೆಳಗ್ಗೆ ಬಾಗಿಲು ತೆರೆಯುವ ಬೀಗದ ಕೈ ಅವಳಿಂದ ಇಸಕೊಂಡು ನಾನೇ ಇಟ್ಟುಕೊಂಡೆ.

ಇಲ್ಲಿ ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ರಾಮಾಯಣ ತಿಳಿಯುವುದಿಲ್ಲ. ಎಲೆಯಿಂದ ಡಿಎನ್‌ಎ ತೆಗೆದು, ಅದರ ಒಂದು ಚಿಕ್ಕ ತುಣುಕನ್ನು ಪಿಸಿಆರ್ ಯಂತ್ರದಲ್ಲಿ ಬೆಳೆಸುವುದು ಕೋರ್ಸಿನ ಮುಖ್ಯ ಪಾಠ. ಎರಡೇ ಗಂಟೆಯಲ್ಲಿ ಒಂದು ತುಣುಕು ಕೋಟಿಗಟ್ಟಲೆ ಆಗುತ್ತದೆ. ಆಮೇಲೆ ಅದನ್ನು ಜೆಲ್ ಎಂಬ ಪಾರದರ್ಶಕ ಬಿಲ್ಲೆಯ ಗುಳಿಗಳಿಗೆ ಹಾಕಿ, ಕರೆಂಟು ಹರಿಸಿ, ದೀಪದ ಪೆಟ್ಟಿಗೆಯ ಮೇಲಿಟ್ಟರೆ ಹೊಳೆಯುವ ಒಂದು ಗೆರೆ ಕಾಣುತ್ತದೆ. ಪ್ರತಿ ಸಲವೂ ಒಂದು ಟ್ಯೂಬಿಗೆ ಮಾತ್ರ ಡಿಎನ್‌ಎ ಬದಲು ಬರೀ ನೀರು ಹಾಕಬೇಕು. ಅದು ಬ್ಲ್ಯಾಂಕ್, ನಮ್ಮ ಸಾಕ್ಷಿ. ಅದರ ಸಾಲು ಖಾಲಿ ಇರಬೇಕು. ಅದರಲ್ಲೂ ಗೆರೆ ಬಂತೆಂದರೆ ಎಲ್ಲೋ ಏನೋ ಬೆರೆತಿದೆ, ಆ ದಿನದ ಪ್ರಯೋಗವೆಲ್ಲ ಕಸದ ಬುಟ್ಟಿಗೆ.

ಬೆಳೆದ ತುಣುಕಿನ ಕಣ್ಣಿಗೆ ಕಾಣದ ಒಂದು ಕಣ ಸಾಕು, ಮುಂದಿನ ಪ್ರಯೋಗ ಕೆಡಿಸುವುದಕ್ಕೆ. ಅದಕ್ಕೇ ನಮ್ಮಲ್ಲಿ ಎರಡು ಕೋಣೆ. ಬೆರೆಸುವುದು ಶುದ್ಧ ಕೋಣೆಯಲ್ಲಿ, ಬೆಳೆದದ್ದನ್ನು ತೆರೆಯುವುದು ಓಣಿಯಾಚೆಯ ಜೆಲ್ ಕೋಣೆಯಲ್ಲಿ. ಅಲ್ಲಿಂದ ಇಲ್ಲಿಗೆ ಬರುವವರು ಕೋಟು ಬದಲಿಸಿ, ಕೈ ತೊಳೆದು, ಹೊಸ ಗ್ಲೌಸು ಹಾಕಲೇಬೇಕು. ಶುದ್ಧ ಕೋಣೆಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ. "ಕೈ ತೋರಿಸಿ" ಅನ್ನುತ್ತೇನೆ. ಎರಡೂ ಬದಿ ತೋರಿಸಬೇಕು. ಮಂತ್ರಿಯ ಮಗಳಾದರೂ ಸರಿ, ತೋರಿಸದೆ ಒಳಗೆ ಬಿಟ್ಟಿಲ್ಲ. ಇನ್ನೊಂದು ನಿಯಮ: ಬ್ಲ್ಯಾಂಕ್ ಮೂರು ಸಲ ಕೆಟ್ಟರೆ ಆ ವಿದ್ಯಾರ್ಥಿ ಪ್ರಾಕ್ಟಿಕಲ್‌ನಲ್ಲಿ ಫೇಲ್. ಕೆಟ್ಟದ್ದಕ್ಕೆ ವಿದ್ಯಾರ್ಥಿಯ ಕೈ ಮೀರಿದ ಕಾರಣವಿದ್ದು, ಅದನ್ನು ನಾನು ಬರೆದು ಸಹಿ ಮಾಡಿದರೆ ಮಾತ್ರ ಲೆಕ್ಕಕ್ಕಿಲ್ಲ. ಹದಿನೆಂಟು ವರ್ಷದಲ್ಲಿ ಅಂಥ ಸಹಿ ನಾನು ಒಂದೂ ಮಾಡಿರಲಿಲ್ಲ.

ಮೊದಲ ಪ್ರಯೋಗದ ದಿನ. ಇಪ್ಪತ್ತು ಜನರಲ್ಲಿ ಹದಿನಾಲ್ಕು ಜನಕ್ಕೆ ಗೆರೆಯೇ ಬರಲಿಲ್ಲ, ನಾಲ್ವರದು ಮಂಕಾಗಿ ಬಂತು, ಒಬ್ಬಳು ಜೆಲ್ಲನ್ನು ನೆಲಕ್ಕೇ ಬೀಳಿಸಿ ಅತ್ತಳು. ಸೀಸೆಯಕ್ಕನ ಜೆಲ್ ದೀಪದ ಮೇಲಿಟ್ಟೆ. ನಾಲ್ಕು ಸಾಲಿನಲ್ಲಿ ನಾಲ್ಕು ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ. ಬ್ಲ್ಯಾಂಕಿನ ಸಾಲು ಖಾಲಿಯೋ ಖಾಲಿ.

ಹುಡುಗಿಯರೆಲ್ಲ "ಅಕ್ಕಾ!" ಎಂದು ಚಪ್ಪಾಳೆ ತಟ್ಟಿದರು. ಅವಳು ನನ್ನ ಮುಖ ನೋಡಿದಳು. ನಾನು "ಹ್ಞೂಂ" ಅಂದೆ ಅಷ್ಟೆ.

ಈ ಕೈ ನೆನ್ನೆ ಮೊನ್ನೆಯವರೆಗೆ ಬ್ರಷ್ಷು ಹಿಡಿದ ಕೈ. ನನಗೇ ಮೊದಲ ಗೆರೆ ಬರಲು ಮೂರು ತಿಂಗಳು ಬೇಕಾಗಿತ್ತು. ಇವಳಿಗೆ ಒಂದೇ ಪಟ್ಟಿಗೆ? ಏನೋ ಮಸಲತ್ತಿದೆ. ಹಳೆಯ ಬ್ಯಾಚಿನವರು ಬೆಳೆಸಿಟ್ಟ ತುಣುಕನ್ನೇ ಎಲ್ಲಿಂದಲೋ ತಂದು ಹಾಕಿರಬೇಕು. ಉಗ್ರಾಣದ ಮೂಲೆ ಮೂಲೆ ಗೊತ್ತಲ್ಲ, ಕಷ್ಟವೇನು?

ಮರುದಿನದಿಂದ ನನ್ನ ಪತ್ತೇದಾರಿ ಶುರುವಾಯಿತು. ಬೆಳಗ್ಗೆ ಏಳೂವರೆಗೆ, ಇನ್ನೂ ಒಬ್ಬರೂ ಬಂದಿರುವುದಿಲ್ಲ, ಬೀಗ ತೆಗೆದು ಮೊದಲು ಜೆಲ್ ಕೋಣೆಗೆ ಹೋಗುತ್ತಿದ್ದೆ. ಅವಳು ಹಿಂದಿನ ಸಲ ಬೆಳೆಸಿ ಉಳಿಸಿದ ಟ್ಯೂಬುಗಳ ಮುಚ್ಚಳ ತೆಗೆದು, ಎಷ್ಟು ಉಳಿದಿದೆ, ಬರೆದದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತಿದ್ದೆ. ಆಮೇಲೆ ಶುದ್ಧ ಕೋಣೆಗೆ. ಅಲ್ಲಿನ ಫ್ರಿಜ್ಜಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಟ್ಟ ಡಬ್ಬಿ, ಅದರಲ್ಲಿ ಅವರವರ ನೀರು, ಅವರವರ ರಾಸಾಯನಿಕ. ಅವಳ ಡಬ್ಬಿ ತೆಗೆದು ನೀರಿನ ಟ್ಯೂಬನ್ನು ಬೆಳಕಿಗೆ ಹಿಡಿಯುತ್ತಿದ್ದೆ, ಮುಚ್ಚಳ ತೆಗೆದು ಇಣುಕುತ್ತಿದ್ದೆ. ಮತ್ತೆ ಮುಚ್ಚಿ ಇದ್ದ ಹಾಗೇ ಇಡುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುತ್ತಿಲ್ಲ ಎಂದೇ ಇದ್ದೆ.

ಎರಡನೇ ಪ್ರಯೋಗದಲ್ಲಿ ಅವಳ ಬ್ಲ್ಯಾಂಕಿನಲ್ಲಿ ಗೆರೆ ಬಂತು. ಬೇರೆ ಯಾರ ಬ್ಲ್ಯಾಂಕಿನಲ್ಲೂ ಇಲ್ಲ, ಅವಳದರಲ್ಲಿ ಮಾತ್ರ.

"ನೋಡಿದ್ಯಾ? ಮೊದಲನೇ ಸಲದ್ದು ಕುರುಡು ಅದೃಷ್ಟ" ಅಂದೆ. ಹೇಳಿಕೊಳ್ಳಲು ಅಸಹ್ಯ, ಆದರೆ ಆಗ ನನಗೆ ಖುಷಿಯೇ ಆಗಿತ್ತು.

ಅವಳು ಜೆಲ್ಲನ್ನು ಬಹಳ ಹೊತ್ತು ನೋಡಿದಳು. "ಎಲ್ಲಿಂದ ಬಂತು ಸರ್ ಇದು?"

"ನಿನ್ನ ಕೈಯಿಂದ. ಇನ್ನೆಲ್ಲಿಂದ?"

ಆ ವಾರ ಅವಳು ತನ್ನ ಜಾಗವನ್ನು ಉಜ್ಜಿದ್ದು ನೋಡಬೇಕಿತ್ತು. ಬ್ಲೀಚಿನಲ್ಲಿ ಮೇಜು ಒರೆಸಿದಳು, ಪಿಪೆಟ್ಟಿನ ಹಿಡಿ ಒರೆಸಿದಳು, ಕುರ್ಚಿಯ ಕಾಲನ್ನೂ ಬಿಡಲಿಲ್ಲ. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡು ಬಂದಳು. ಹೊಸ ನೀರು, ಹೊಸ ರಾಸಾಯನಿಕ, ಹೊಸ ಡಬ್ಬಿ. ನಾನೂ ಬೆಳಿಗ್ಗೆ ಬೆಳಿಗ್ಗೆ ನೋಡುತ್ತಲೇ ಇದ್ದೆ, ಹೊಸ ಡಬ್ಬಿಯಲ್ಲಿ ಏನು ಹೊಸ ಆಟ ಎಂದು. ಮುಂದಿನ ಪ್ರಯೋಗದಲ್ಲೂ ಬ್ಲ್ಯಾಂಕಿನಲ್ಲಿ ಗೆರೆ, ಈ ಸಲ ಇನ್ನೂ ದಪ್ಪ.

ಲೆಕ್ಕಕ್ಕೆ ಎರಡಾಯಿತು. ಇನ್ನೊಂದು ಕೆಟ್ಟರೆ ವರ್ಷ ಮುಗಿಯಿತು, ಅವಳ ಕಥೆಯೂ ಮುಗಿಯಿತು. ಸಹಪಾಠಿಗಳೂ ದೂರ ಸರಿದರು. ಪಿಪೆಟ್ ಎರವಲು ಕೇಳಿದರೆ "ಅಯ್ಯೋ ಅಕ್ಕಾ, ನಮ್ಮದೂ ಕೆಡುತ್ತೆ" ಅಂದರು. ಅವಳ ಪಕ್ಕದ ಸ್ಟೂಲು ಖಾಲಿಯಾಯಿತು. ಅವಳು ತಲೆ ತಗ್ಗಿಸಿ ತೊಳೆಯುವ ಕೋಣೆಗೆ ಹೋಗಿ, ಈಗ ಅದು ಅವಳ ಕೆಲಸವಲ್ಲದಿದ್ದರೂ, ಎರಡು ಸೀಸೆ ತೊಳೆದು ಬಂದಳು. ಕೆಂಪಗಾದ ಕಣ್ಣು ನನಗೆ ಕಂಡಿತು. ಕಳ್ಳಿಯ ಕಣ್ಣೀರು ಎಂದುಕೊಂಡೆ.

ಮಂಗಳವಾರ ಮಧ್ಯಾಹ್ನ ತರಗತಿ ಬಿಟ್ಟ ಮೇಲೆ ಶುದ್ಧ ಕೋಣೆಯ ಬಾಗಿಲ ಗಾಜಿನಲ್ಲಿ ಇಣುಕಿದೆ. ಸೀಸೆಯಕ್ಕ ಒಬ್ಬಳೇ ಇದ್ದಳು. ಆಗ ತಾನೇ ಆಟೋಕ್ಲೇವಿನಿಂದ ಬಂದ ನೀರಿನ ಬಾಟಲಿಯಿಂದ ಎರಡು ಚಿಕ್ಕ ಟ್ಯೂಬು ತುಂಬಿಸಿದಳು. ಒಂದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಳು. ಇನ್ನೊಂದರ ಮುಚ್ಚಳಕ್ಕೆ ಟೇಪು ಸುತ್ತಿ, ಅತ್ತ ಇತ್ತ ನೋಡಿ, ಊಟದ ಚೀಲದೊಳಗೆ ಡಬ್ಬಿಯ ಕೆಳಗೆ ತುರುಕಿದಳು.

ಸಿಕ್ಕಿಬಿದ್ದಳು! ಪ್ರಯೋಗಾಲಯದ ಸಾಮಾನು ಮನೆಗೆ! ಕೂಡಲೇ ಹಿಡಿದರೆ ಏನೋ ಒಂದು ಕಥೆ ಕಟ್ಟುತ್ತಾಳೆ, ಶುಕ್ರವಾರ ಪ್ರಯೋಗದ ದಿನ ಮೇಡಂ ಎದುರಿಗೇ ಹಿಡಿಯೋಣ ಎಂದು ಬಾಯಿ ಬಿಗಿದುಕೊಂಡೆ. ಬೆಳಗಿನ ತಪಾಸಣೆ ಬಿಡಲಿಲ್ಲ. ಬುಧವಾರ ನೋಡಿದರೆ ಫ್ರಿಜ್ಜಿನ ಟ್ಯೂಬಿಗೂ ಟೇಪು ಹಾಕಿದ್ದಾಳೆ, ಅದರ ಮೇಲೆ ಪೆನ್ನಿನಿಂದ ಒಂದು ಅಡ್ಡಗೆರೆ ಬೇರೆ. ನೀರಿಗೆ ಟೇಪು ಯಾಕೆ? ಮುಚ್ಚಿಡುವಂಥದ್ದು ಇರುವವರು ತಾನೇ ಮುಚ್ಚಿಡುವುದು? ಟೇಪು ಬಿಚ್ಚಿ, ಒಳಗೆ ನೋಡಿ, ಮತ್ತೆ ಅಂಟಿಸಿದೆ. ಗುರುವಾರವೂ ಅದೇ, ಶುಕ್ರವಾರವೂ ಅದೇ.

ಶುಕ್ರವಾರ ಹತ್ತು ಗಂಟೆಗೆ ಮೇಡಂ ಅವರನ್ನು ಕರೆದುಕೊಂಡು ಬಂದೆ. ಇಡೀ ತರಗತಿ ನಿಂತಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಮೇಡಂ, ಈಕೆಯ ಊಟದ ಚೀಲ ಒಂದು ಸಲ ನೋಡಬೇಕು" ಅಂದೆ.

ಸೀಸೆಯಕ್ಕ ಗಾಬರಿಯಾಗಲಿಲ್ಲ. ಅದೇ ನನಗೆ ಮೊದಲ ಪೆಟ್ಟು. ಚೀಲ ತಂದಳು, ಊಟದ ಡಬ್ಬಿ ಎತ್ತಿದಳು, ಟ್ಯೂಬು ತೆಗೆದು ಮೇಡಂ ಕೈಗೆ ಕೊಟ್ಟಳು.

"ಇದೇನಮ್ಮ?" ಮೇಡಂ ಕೇಳಿದರು.

"ನೀರು ಮೇಡಂ."

"ನೀರು ಕದಿಯೋಕೆ ಇಷ್ಟು ಕಳ್ಳಾಟನಾ?" ನಾನು ಬಾಯಿ ಹಾಕಿದೆ.

"ಕದ್ದಿಲ್ಲ ಸರ್, ಬಚ್ಚಿಟ್ಟೆ." ಅವಳು ಮೇಡಂ ಕಡೆಗೆ ತಿರುಗಿದಳು. "ನನ್ನ ಕೈ ಕೆಟ್ಟಿದ್ರೆ ಎಲ್ಲ ನೀರೂ ಕೆಡಬೇಕು ಮೇಡಂ. ಒಂದೇ ಬಾಟಲಿ ನೀರು, ಒಂದೇ ಹೊತ್ತಲ್ಲಿ ಎರಡು ಟ್ಯೂಬಿಗೆ ಹಾಕಿದೀನಿ. ಒಂದು ಫ್ರಿಜ್ಜಲ್ಲಿದೆ, ಒಂದು ನನ್ನ ಹತ್ರ ಇದೆ. ಇವತ್ತು ಎರಡರಲ್ಲೂ ಬ್ಲ್ಯಾಂಕ್ ಹಾಕ್ತೀನಿ, ನೀವೇ ನಿಂತು ನೋಡಿ. ಎರಡೂ ಕೆಟ್ರೆ ನಾನೇ ತೊಟ್ಟಿ ಹತ್ರ ವಾಪಸ್ ಹೋಗ್ತೀನಿ, ನೀವು ಹೇಳೋದೂ ಬೇಡ."

ಮೇಡಂ ಫ್ರಿಜ್ಜಿನ ಟ್ಯೂಬು ತರಿಸಿ ನೋಡಿದರು. ಟೇಪಿನ ಮೇಲಿನ ಅಡ್ಡಗೆರೆ ಒಂದಕ್ಕೊಂದು ಕೂಡಿರಲಿಲ್ಲ, ಎರಡು ತುಂಡಾಗಿ ಆಚೀಚೆ ಸರಿದಿತ್ತು. ಚೀಲದ ಟ್ಯೂಬಿನದು ನೆಟ್ಟಗಿತ್ತು.

"ಇದನ್ನ ಯಾರೋ ಬಿಚ್ಚಿದಾರಲ್ಲ. ಯಾರ್ರೀ ಇದರ ಮುಚ್ಚಳ ತೆಗೆಯೋರು?" ಮೇಡಂ ನನ್ನನ್ನು ಕೇಳಿದರು.

"ಯಾರೂ ಇಲ್ಲ ಮೇಡಂ. ಬೀಗದ ಕೈ ನನ್ನ ಹತ್ರಾನೇ ಇರುತ್ತೆ, ಬೆಳಿಗ್ಗೆ ನಾನೊಬ್ಬನೇ..."

ಮಾತು ಅಲ್ಲಿಗೇ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಬಲಗೈ ತಾನಾಗಿ ಕೋಟಿನ ಜೇಬಿನೊಳಗೆ ಹೋಯಿತು. ಸೀಸೆಯಕ್ಕ ಅದನ್ನು ನೋಡಿದಳು.

ಅವಳು ಮೇಡಂ ಎದುರಿಗೇ ಎಲ್ಲವನ್ನೂ ಬೆರೆಸಿದಳು. ನಾಲ್ಕು ಮಾದರಿಗಳಿಗೂ ಚೀಲದ ನೀರನ್ನೇ ಬಳಸಿ, ಬ್ಲ್ಯಾಂಕು ಮಾತ್ರ ಎರಡು ಮಾಡಿದಳು, ಒಂದಕ್ಕೆ ಚೀಲದ ನೀರು, ಒಂದಕ್ಕೆ ಫ್ರಿಜ್ಜಿನ ನೀರು. ಟ್ಯೂಬುಗಳು ಯಂತ್ರದೊಳಗೆ ಹೋದವು. ಎರಡು ಗಂಟೆ ಕಾಯಬೇಕು.

ಆ ಎರಡು ಗಂಟೆ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಜೆಲ್ ಕೋಣೆಯ ಸ್ಟೂಲಿನ ಮೇಲೆ ಕೂತು ನನ್ನ ಕೈಗಳನ್ನೇ ನೋಡಿಕೊಂಡೆ. ಬೆಳಿಗ್ಗೆ ಮೊದಲು ಈ ಕೋಣೆ. ಇಲ್ಲಿ ಬೆಳೆದ ತುಣುಕಿನ ಟ್ಯೂಬು ತೆರೆದ ಕೈ. ಅದೇ ಕೈ, ತೊಳೆಯದೆ, ಗ್ಲೌಸಿಲ್ಲದೆ, ಓಣಿ ದಾಟಿ ಅವಳ ನೀರಿನ ಮುಚ್ಚಳ ತೆಗೆದ ಕೈ. ಪ್ರತಿ ದಿನ! ಪ್ರಯೋಗ ಮಾಡುವಾಗ ನಾನು ಎಂದೂ ಗ್ಲೌಸು ಬಿಟ್ಟವನಲ್ಲ. ಆದರೆ ಬೆಳಿಗ್ಗೆ ನಾನು ಕೆಲಸ ಮಾಡುತ್ತಿರಲಿಲ್ಲವಲ್ಲ, ಬರೀ ನೋಡುತ್ತಿದ್ದೆ. ನಿಯಮ ಇರುವುದು ಕೆಲಸ ಮಾಡುವವರಿಗೆ, ನೋಡುವವನಿಗೆ ಯಾಕೆ ಎಂಬುದು ನನ್ನ ತಲೆಯಲ್ಲಿ ಎಲ್ಲೋ ಕೂತುಬಿಟ್ಟಿತ್ತು. ಅದು ಅಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅವಳ ಡಬ್ಬಿ ಒಂದನ್ನೇ ನೋಡುತ್ತಿದ್ದೆ, ಅವಳ ಬ್ಲ್ಯಾಂಕು ಒಂದೇ ಕೆಡುತ್ತಿತ್ತು. ಕೆಟ್ಟಷ್ಟೂ ನನ್ನ ಅನುಮಾನ ಹೆಚ್ಚುತ್ತಿತ್ತು, ಹೆಚ್ಚಿದಷ್ಟೂ ಮುಚ್ಚಳ ತೆಗೆಯುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಯಂತ್ರ ಕುಂಯ್ ಎಂದಿತು. ಟ್ಯೂಬುಗಳನ್ನು ತಂದಿಟ್ಟುಕೊಂಡೆ. ಕೋಣೆಯಲ್ಲಿ ನಾನೊಬ್ಬನೇ. ಆರೂ ಟ್ಯೂಬು ನನ್ನ ಮುಂದೆ ಸಾಲಾಗಿ ನಿಂತಿದ್ದವು. ಫ್ರಿಜ್ಜಿನ ನೀರಿನದು ಕೈತಪ್ಪಿ ಕೆಳಗೆ ಬಿದ್ದರೆ? ಅಥವಾ ಚೀಲದ ನೀರಿನ ಟ್ಯೂಬಿಗೆ ಪಕ್ಕದ್ದರಿಂದ ಒಂದೇ ಒಂದು ಹನಿ ಸೋಕಿದರೆ? ಯಾರಿಗೂ ಕಾಣುವುದಿಲ್ಲ. ಕಾಣದ್ದರ ಕೆಲಸ ತಾನೇ ನಮ್ಮದು. ಹದಿನೆಂಟು ವರ್ಷದ ಹೆಸರು ಉಳಿಯುತ್ತದೆ, ತೊಳೆಯುವವಳು ತೊಳೆಯುವವಳಾಗಿಯೇ ಉಳಿಯುತ್ತಾಳೆ. ಚೀಲದ ನೀರಿನ ಟ್ಯೂಬು ಕೈಗೆತ್ತಿಕೊಂಡೂ ಇದ್ದೆ. ಇದನ್ನು ನಾನು ಇವತ್ತಿನವರೆಗೆ ಹೆಂಡತಿಗೂ ಹೇಳಿಲ್ಲ.

ಬಾಗಿಲು ತೆರೆಯಿತು. ಸೀಸೆಯಕ್ಕ ನಿಂತಿದ್ದಳು. ನನ್ನ ಕೈಯಲ್ಲಿದ್ದ ಟ್ಯೂಬು ನೋಡಿದಳು.

"ನಾನೇ ಹಾಕ್ತೀನಿ ಸರ್" ಅಂದಳು ಮೆಲ್ಲಗೆ.

ಟ್ಯೂಬನ್ನು ಅದರ ಜಾಗಕ್ಕೆ ಇಟ್ಟು ಪಕ್ಕಕ್ಕೆ ಸರಿದೆ. ಒಳ್ಳೆಯತನ ಉಕ್ಕಿ ಬಂತು ಅಂತೇನೂ ಅಲ್ಲ, ಅವಳ ಕಣ್ಣಿಗೆ ಹೆದರಿದೆ.

ನಲವತ್ತು ನಿಮಿಷದ ಮೇಲೆ ಮೇಡಂ ಬಂದರು, ತರಗತಿಯೂ ಬಂತು. ದೀಪ ಹಾಕಿದೆವು. ನಾಲ್ಕು ಮಾದರಿಗಳಲ್ಲಿ ನಾಲ್ಕು ಗೆರೆ, ಮೊದಲ ದಿನದ ಹಾಗೇ ನೇರ. ಐದನೆಯದು ಚೀಲದ ನೀರು, ಖಾಲಿ. ಆರನೆಯದು ಫ್ರಿಜ್ಜಿನ ನೀರು, ದಪ್ಪನೆಯ ಗೆರೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗಿಯೊಬ್ಬಳು ಸುಮ್ಮನೆ ಹೋಗಿ ಅಕ್ಕನ ತೋಳು ಹಿಡಿದುಕೊಂಡಳು. ಮೇಡಂ ನನ್ನನ್ನು ನೋಡಿ ಅಂದರು, "ಫ್ರಿಜ್ಜಿನದು ಕೆಟ್ಟಿದೆ. ಕಾರಣ ಬರೆದಿಲ್ಲ ಅಂದ್ರೆ ನಿಯಮದ ಪ್ರಕಾರ ಇದೇ ಮೂರನೇದಾಗುತ್ತೆ. ಕಾರಣ ಏನೂಂತ ನೀವು ಬರೆದು ಸಹಿ ಮಾಡಿ, ಆಮೇಲೆ ನಾನು ಹಾಕ್ತೀನಿ." ಮಕ್ಕಳನ್ನೂ ಕರೆದುಕೊಂಡು ಹೊರಟುಹೋದರು.

ಸೀಸೆಯಕ್ಕ ತನ್ನ ಪ್ರಯೋಗದ ಪುಸ್ತಕ ತಂದು ನನ್ನ ಮುಂದಿಟ್ಟಳು. ಪುಟದ ತುಂಬ ಅವಳ ದುಂಡನೆಯ ಅಕ್ಷರ. ಯಾವುದರ ಮೇಲೆಲ್ಲ ಅನುಮಾನಪಟ್ಟೆ ಎಂದು ಬರೆದು, ಒಂದೊಂದನ್ನೇ ಪರೀಕ್ಷಿಸಿ ಹೊಡೆದುಹಾಕಿದ್ದಳು: ಪಿಪೆಟ್, ಅದರ ತುದಿ, ಮೇಜು, ರಾಸಾಯನಿಕ, ಪಕ್ಕದವರು. 'ನಾನು' ಎಂದೂ ಬರೆದಿತ್ತು, ಅದನ್ನು ಎರಡು ಸಲ ಪರೀಕ್ಷಿಸಿ ಹೊಡೆದಿದ್ದಳು. ಕೊನೆಗೆ 'ಕಾರಣ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

"ಇದೂ ನೀನೇ ಬರೀಬಹುದಿತ್ತಲ್ಲ" ಅಂದೆ.

"ಬೆಳಿಗ್ಗೆ ಏಳೂವರೆಗೆ ಬೀಗ ತೆಗೆದ್ರೆ ಜೆಲ್ ಕೋಣೆ ಬಾಗಿಲು ಕಿರ್ ಅನ್ನುತ್ತೆ, ಆಮೇಲೆ ಶುದ್ಧ ಕೋಣೇದು. ನಡುವೆ ನಲ್ಲಿ ಸದ್ದು ಕೇಳಬೇಕು, ಕೇಳಲ್ಲ. ಮೂರು ದಿನದಿಂದ ನಾನು ತೊಟ್ಟಿ ಹತ್ರಾನೇ ಇದ್ದೆ ಸರ್, ಅಲ್ಲಿಗೆ ಬೀಗ ಇಲ್ಲವಲ್ಲ."

ನನಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು. "ಗೊತ್ತಿದ್ದೂ ಮೇಡಂ ಮುಂದೆ ಯಾಕೆ ಬಾಯಿ ಬಿಡಲಿಲ್ಲ? ನನ್ನ ಮಾನ ಕಾಪಾಡೋಕಾ?"

"ನಿಮ್ಮ ಮಾನಕ್ಕಲ್ಲ ಸರ್." ಮೊದಲ ಸಲ ಅವಳ ದನಿ ಏರಿತು. "ಇಡೀ ಕ್ಲಾಸಿನ ಮುಂದೆ ನನ್ನ ಚೀಲ ಬಿಚ್ಚಿಸಿದೋರು ನೀವು. ನಿಮ್ಮ ಮಾನದ ಚಿಂತೆ ನನಗೆ ಯಾಕೆ? ನಾನು ಹೇಳಿದ್ರೆ ಅದು ತೊಳೆಯೋಳ ಮಾತು. ಯಾರು ನಂಬ್ತಾರೆ? ನೀವು ಬರೆದ್ರೆ ಅದು ರುಜುವಾತು."

ಪೆನ್ನು ಕೈಗೆತ್ತಿಕೊಂಡೆ. 'ಫ್ರಿಜ್ಜಿನ ದೋಷ' ಎಂದು ಬರೆದರೂ ಮೇಡಂ ಸಹಿ ಹಾಕುತ್ತಿದ್ದರು, ಅವಳೂ ಪಾಸಾಗುತ್ತಿದ್ದಳು, ನಾನೂ ಬಚಾವಾಗುತ್ತಿದ್ದೆ. ಪೆನ್ನು ಅತ್ತ ಕಡೆ ಹೋಗಿಯೂ ಇತ್ತು. 'ಫ್ರಿ' ಎಂದು ಬರೆದೆ. ಅವಳು ನೋಡುತ್ತ ನಿಂತಿದ್ದಳು, ಸೀಸೆಯೊಳಗೆ ಹನಿ ನಿಂತಿದೆಯೇ ಎಂದು ನೋಡುವ ಹಾಗೆ. ಅದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ 'ಮೇಲ್ವಿಚಾರಕನ ತೊಳೆಯದ ಕೈ' ಎಂದು ಬರೆದು ಸಹಿ ಮಾಡಿದೆ. ಹಿಂದಿನ ಎರಡು ಪುಟ ತಿರುಗಿಸಿ ಅಲ್ಲೂ ಅದನ್ನೇ ಬರೆದೆ.

"ಇನ್ನೆಲ್ಲಿ ಸಹಿ ಬೇಕು, ತೋರಿಸಿ" ಅಂದೆ. ಹನ್ನೊಂದು ವರ್ಷದಲ್ಲಿ ಅವಳಿಗೆ ನಾನು ಗೌರವ ಕೊಟ್ಟು ಆಡಿದ ಮೊದಲ ಮಾತು ಅದು. ಅವಳು ಪುಸ್ತಕ ಮುಚ್ಚಿ ಎದೆಗವಚಿಕೊಂಡು ಹೊರಟಳು, ಬಾಗಿಲು ದಾಟಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತದ್ದು ಕೇಳಿಸಿತು.

ಮನೆಯಲ್ಲಿ ಹೆಂಡತಿಗೆ ಸಹಿಯ ವಿಷಯ ಹೇಳಿದೆ. ಗದರುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಗೋಡೆಯ ಕನ್ನಡಿ ತಂದು ನನ್ನ ಮುಂದೆ ಮೇಜಿನ ಮೇಲಿಟ್ಟಳು, ಊಟ ಮುಗಿಯುವವರೆಗೂ ತೆಗೆಯಲಿಲ್ಲ.

ಸೀಸೆಯಕ್ಕ ಪಾಸಾದಳು. ಹುದ್ದೆಗೆ ಅರ್ಜಿ ಹಾಕಿದವರು ಒಂಬತ್ತು ಜನ. ಸಂದರ್ಶನದಲ್ಲಿ ಅವಳು ಮುಂದಿಟ್ಟದ್ದು ಆ ಪ್ರಯೋಗದ ಪುಸ್ತಕವನ್ನೇ, ನನ್ನ ಮೂರು ಸಹಿ ಇರುವ ಪುಟಗಳ ಸಮೇತ. ಕೆಲಸ ಅವಳಿಗೇ ಸಿಕ್ಕಿತು. ಬೆಳಗಿನ ಬೀಗದ ಕೈ ಸಹಾಯಕ ತಂತ್ರಜ್ಞರ ಬಳಿ ಇರತಕ್ಕದ್ದು ಎಂದು ಮೇಡಂ ಆದೇಶ ಹೊರಡಿಸಿದರು.

ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಹಳೆಯ ಚಾಳಿಯಂತೆ ಏಳೂವರೆಗೇ ಹೋದೆ. ದೀಪಗಳು ಆಗಲೇ ಹತ್ತಿದ್ದವು. ಜೆಲ್ ಕೋಣೆಯಲ್ಲಿ ಸ್ವಲ್ಪ ಕೆಲಸವಿತ್ತು, ಮುಗಿಸಿ ಕೋಟು ಬದಲಿಸಿದೆ, ನಲ್ಲಿಯಲ್ಲಿ ಕೈ ತೊಳೆದು ಓಣಿ ದಾಟಿದೆ. ಶುದ್ಧ ಕೋಣೆಯ ಬಾಗಿಲಲ್ಲಿ ಸೀಸೆಯಕ್ಕ ನಿಂತಿದ್ದಳು, ಬಿಳಿ ಕೋಟು, ಸೊಂಟದಲ್ಲಿ ಬೀಗದ ಕೈ.

"ಕೈ ತೋರಿಸಿ ಸರ್" ಅಂದಳು.

ತೋರಿಸಿದೆ. ಅವಳು ನನ್ನ ಎರಡೂ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು, ಮುಂಗೈ, ಅಂಗೈ, ಬೆರಳ ಸಂದಿ. ಒದ್ದೆ ಚರ್ಮದ ಮೇಲೆ ಅಲ್ಲಲ್ಲಿ ನೀರು ಹನಿಯಾಗಿ ನಿಂತಿತ್ತು.

"ಇನ್ನೊಂದು ಸಲ ತೊಳ್ಕೊಂಡು ಬನ್ನಿ" ಅಂದಳು.

ಹೋದೆ.